‘ಸಿ’ ದರ್ಜೆಯ ಹೊಳೆಯಲ್ಲಿ ಮೀನು ಸಾಯುವುದೇಕೆ? ಹೇಮಾವತಿ, ಯಗಚಿ ತೀರದ ಮೀನುಗಾರರ ಆರೋಗ್ಯದ ಪ್ರಶ್ನೆ

ಮಲೆನಾಡಿನಲ್ಲಿ ಕಾಫಿ ಕೊಯ್ಲು ಆರಂಭವಾಯಿತೆಂದರೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಪತ್ರಿಕೆಗಳಲ್ಲಿ ಒಂದಕ್ಕೊಂದು ತಾಳೆಯಾಗದ ಸುದ್ದಿಗಳು ಅಕ್ಕಪಕ್ಕದಲ್ಲೇ ಅಚ್ಚಾಗತೊಡಗುತ್ತವೆ. ಪಲ್ಪಿಂಗ್ ನೀರನ್ನು, ಎಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರನ್ನು, ಹಳ್ಳಕ್ಕೆ ಬಿಟ್ಟವರ ಮೇಲೆ ಕ್ರಮ ಕೈಗೊಳ್ಳಲಾಗುವುದೆಂದು ಮಾಲಿನ್ಯ ನಿಯಂತ್ರಣ ಮಂಡಳಿ ಎಚ್ಚರಿಸುತ್ತದೆ. ಅದರ ಬೆನ್ನಿಗೆ ಯಾವುದೋ ಊರಿನವರು ಹೊಳೆಯ ನೀರು ಕಪ್ಪಾಗಿದೆ, ಮೀನು ತೇಲುತ್ತಿವೆ ಎಂದು ದೂರುತ್ತಾರೆ. ಹೊಳೆಯ ನೀರು ‘ಸಿ’ ದರ್ಜೆಯಲ್ಲಿದೆ, ಸಂಸ್ಕರಿಸಿ ಕುಡಿಯಲು ಅಡ್ಡಿಯಿಲ್ಲ ಎಂಬ ಪರೀಕ್ಷಾ ವರದಿಯೂ ಹೊರಬೀಳುತ್ತದೆ. ಮೀನು ಬದುಕಲಾಗದ ನೀರು ಮನುಷ್ಯರು ಕುಡಿಯಲು ಹೇಗೆ ತಕ್ಕುದಾಗುತ್ತದೆ ಎಂದು ಓದುವವರು ಗೊಂದಲಕ್ಕೆ ಬೀಳುವುದು ಸಹಜ.

ದೂರು ಮತ್ತು ವರದಿ ಎರಡೂ ಏಕಕಾಲಕ್ಕೆ ನಿಜವಾಗಿರಲು ಸಾಧ್ಯವಿದೆ. ಹೇಗೆಂದು ತಿಳಿಯಬೇಕಾದರೆ ನದಿಯ ನೀರನ್ನು ಯಾರಿಗಾಗಿ, ಎಲ್ಲಿ, ಯಾವ ಹೊತ್ತಿನಲ್ಲಿ ಅಳೆಯುತ್ತಾರೆ ಎಂಬುದನ್ನು ನೋಡಬೇಕು. ನಮ್ಮ ಅಳತೆಯ ವ್ಯವಸ್ಥೆ ನಲ್ಲಿಯಲ್ಲಿ ನೀರು ಹಿಡಿಯುವ ಪಟ್ಟಣಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡದ್ದು. ನದಿಗೂ ಅವರಿಗೂ ನಡುವೆ ಒಂದು ಶುದ್ಧೀಕರಣ ಘಟಕವಿದೆ. ಸೊಂಟದವರೆಗೆ ನೀರಿನಲ್ಲಿ ನಿಂತು ಬಲೆ ಎಳೆಯುವ, ಅದೇ ನೀರಿನಲ್ಲಿ ಮೀನು ತೊಳೆಯುವ, ಉಳಿದ ಮೀನನ್ನು ಮನೆಯಲ್ಲಿ ಸಾರು ಮಾಡಿ ಉಣ್ಣುವ ಕುಟುಂಬಕ್ಕೂ ನದಿಗೂ ನಡುವೆ ಅಂಥದ್ದೇನೂ ಇಲ್ಲ. ಮಾಲಿನ್ಯದ ಮೊದಲ ಪೆಟ್ಟು ಬೀಳುವುದು ಈ ಕುಟುಂಬಗಳಿಗೆ. ಅಳತೆಯ ಪಟ್ಟಿಯಲ್ಲಿ ಕಾಣದೆ ಹೋಗಿರುವುದೂ ಇವೇ ಕುಟುಂಬಗಳು.

ದರ್ಜೆ ಹೇಳುವುದೇನು, ಬಿಡುವುದೇನು

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿಯ ನೀರನ್ನು ಬಳಕೆಯ ಆಧಾರದ ಮೇಲೆ ಎ, ಬಿ, ಸಿ, ಡಿ, ಇ ಎಂದು ಐದು ದರ್ಜೆಗಳಾಗಿ ವಿಂಗಡಿಸಿದೆ. ಸೋಂಕು ನಿವಾರಿಸಿದರೆ ಸಾಕು, ಕುಡಿಯಬಹುದು ಎನ್ನುವುದು ಎ. ಹೊಳೆಯಲ್ಲಿ ಸ್ನಾನ ಮಾಡಬಹುದಾದದ್ದು ಬಿ. ಪೂರ್ಣ ಪ್ರಮಾಣದ ಸಂಸ್ಕರಣೆಯ ನಂತರ ಕುಡಿಯಬಹುದಾದದ್ದು ಸಿ. ವನ್ಯಜೀವಿಗಳಿಗೆ ಮತ್ತು ಮೀನುಗಾರಿಕೆಗೆ ಡಿ, ನೀರಾವರಿ ಮತ್ತು ಕೈಗಾರಿಕಾ ಬಳಕೆಗೆ ಇ.

‘ಸಿ’ ದರ್ಜೆಯ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕವಿರಬೇಕು, ಬಿಒಡಿ 3 ಮಿಲಿಗ್ರಾಂ ಮೀರಬಾರದು. ಬಿಒಡಿ ಎಂದರೆ ನೀರಿನಲ್ಲಿರುವ ಕೊಳೆಯುವ ವಸ್ತುವನ್ನು ಅರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಪ್ರಮಾಣ. ಅದು ಹೆಚ್ಚಿದಷ್ಟೂ ಮೀನಿನ ಪಾಲಿಗೆ ಉಳಿಯುವ ಆಮ್ಲಜನಕ ಕಡಿಮೆ. ‘ಸಿ’ ದರ್ಜೆಯಲ್ಲಿ 100 ಮಿಲಿಲೀಟರ್ ನೀರಿಗೆ ಕೊಳಚೆ ಬೆರೆತಿರುವುದನ್ನು ಸೂಚಿಸುವ ಒಟ್ಟು ಕೋಲಿಫಾರ್ಮ್ ಬ್ಯಾಕ್ಟೀರಿಯಾ 5,000ದವರೆಗೆ ಇರಲು ಅವಕಾಶವಿದೆ. ಸ್ನಾನಕ್ಕೆ ಯೋಗ್ಯವಾದ ‘ಬಿ’ ದರ್ಜೆಯಲ್ಲಿ ಈ ಮಿತಿ 500. ಎಂದರೆ ‘ಸಿ’ ದರ್ಜೆಯ ನೀರು ಸಂಸ್ಕರಣೆಯ ನಂತರ ಕುಡಿಯಲು ಆಗುತ್ತದೆ, ಆದರೆ ಹಾಗೆಯೇ ಮೈಮೇಲೆ ಹೊಯ್ದುಕೊಳ್ಳಲು ಯೋಗ್ಯವೆಂದು ಮಂಡಳಿಯೇ ಒಪ್ಪುವುದಿಲ್ಲ. ಮೀನುಗಾರನ ಮೈಗೆ ಹತ್ತಿರದ ಅಳತೆ ‘ಬಿ’ ದರ್ಜೆಯದು.

ಇನ್ನು ಮೀನುಗಾರಿಕೆಗೆಂದೇ ಇರುವ ‘ಡಿ’ ದರ್ಜೆಯಲ್ಲಿ ಪರಿಶೀಲಿಸುವುದು ಮೂರನ್ನು ಮಾತ್ರ: ಪಿಎಚ್ 6.5ರಿಂದ 8.5ರ ಒಳಗಿರಬೇಕು, ಕರಗಿದ ಆಮ್ಲಜನಕ ಕನಿಷ್ಠ 4 ಮಿಲಿಗ್ರಾಂ ಇರಬೇಕು, ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ಮೀರಬಾರದು. ಬಿಒಡಿಗೆ ಮಿತಿಯಿಲ್ಲ, ಕೋಲಿಫಾರ್ಮ್‌ಗೆ ಮಿತಿಯಿಲ್ಲ, ಕೀಟನಾಶಕ ಮತ್ತು ಭಾರಲೋಹಗಳ ಮಾತೇ ಇಲ್ಲ. ಮೀನು ಬದುಕುತ್ತದೆಯೇ ಎಂಬ ಪ್ರಶ್ನೆಗೆ ಈ ದರ್ಜೆ ಉತ್ತರ ಕೊಡುತ್ತದೆ. ಆ ಮೀನನ್ನು ಹಿಡಿದವರು ಆರೋಗ್ಯವಾಗಿ ಇರುತ್ತಾರೆಯೇ, ತಿಂದವರಿಗೆ ಏನಾಗುತ್ತದೆ ಎಂಬುದು ಅದರ ವ್ಯಾಪ್ತಿಯಲ್ಲಿಲ್ಲ.

ಅಳತೆಯ ಸಮಯದ ಪ್ರಶ್ನೆ ಇದಕ್ಕಿಂತ ದೊಡ್ಡದು. ಮಾದರಿಯನ್ನು ಸಾಮಾನ್ಯವಾಗಿ ಗೊತ್ತುಪಡಿಸಿದ ಜಾಗದಲ್ಲಿ, ತಿಂಗಳಿಗೊಮ್ಮೆ, ಹಗಲು ಹೊತ್ತಿನಲ್ಲಿ ಸಂಗ್ರಹಿಸುತ್ತಾರೆ. ಹಗಲಿನಲ್ಲಿ ಪಾಚಿ ಮತ್ತು ಜಲಸಸ್ಯಗಳು ಬಿಸಿಲಿಗೆ ಆಮ್ಲಜನಕ ಬಿಡುಗಡೆ ಮಾಡುವುದರಿಂದ ನೀರಿನ ಸ್ಥಿತಿ ಉತ್ತಮವಾಗಿ ಕಾಣುತ್ತದೆ. ಇರುಳಿಡೀ ಅವೂ ಉಸಿರಾಡುವುದರಿಂದ ಬೆಳಗಿನ ಜಾವಕ್ಕೆ ಆಮ್ಲಜನಕ ಅತಿ ಕೆಳಮಟ್ಟಕ್ಕೆ ಇಳಿಯುತ್ತದೆ. ಮೀನುಗಾರರು ಬಿಡುಬಲೆಯನ್ನು ಸಂಜೆ ಹಾಕಿ ಎತ್ತುವುದು ಇದೇ ಬೆಳಗಿನ ಜಾವದಲ್ಲಿ. ತ್ಯಾಜ್ಯವನ್ನು ಕದ್ದು ಬಿಡುವವರು ಆರಿಸಿಕೊಳ್ಳುವುದೂ ಇರುಳನ್ನೇ. ನದಿಯ ಅತ್ಯಂತ ಕೆಟ್ಟ ಗಳಿಗೆ ಮತ್ತು ಮೀನುಗಾರನ ಕೆಲಸದ ಗಳಿಗೆ ಒಂದೇ ಆಗಿರುವಾಗ, ಅಳತೆ ಮಾತ್ರ ಇನ್ನೊಂದು ಹೊತ್ತಿನಲ್ಲಿ ನಡೆಯುತ್ತದೆ.

ಹೊಳೆಗೆ ಸೇರುವುದೇನು

ಹೇಮಾವತಿ ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನ ದುರ್ಗದ ಬಳಿ ಹುಟ್ಟಿ, ಸಕಲೇಶಪುರವನ್ನು ಹಾದು, ಗೊರೂರಿನ ಜಲಾಶಯದಲ್ಲಿ ನಿಂತು, ಮುಂದೆ ಕಾವೇರಿಯನ್ನು ಸೇರುತ್ತದೆ. ಬಾಬಾಬುಡನ್‌ಗಿರಿ ಶ್ರೇಣಿಯಲ್ಲಿ ಹುಟ್ಟುವ ಯಗಚಿ ಚಿಕ್ಕಮಗಳೂರು, ಬೇಲೂರು ಕಡೆಯಿಂದ ಹರಿದು ಗೊರೂರಿನ ಬಳಿ ಹೇಮಾವತಿಯೊಂದಿಗೆ ಕೂಡುತ್ತದೆ. ಎರಡೂ ನದಿಗಳು ಕಾಫಿ ಸೀಮೆಯ ನಡುವಿನಿಂದ ಇಳಿದು ಬಂದು ಪಟ್ಟಣಗಳ ಅಂಚಿನಲ್ಲಿ ಹಾಯುತ್ತವೆ. ಹೀಗಾಗಿ ಇಲ್ಲಿನ ಮಾಲಿನ್ಯವನ್ನು ಒಂದೇ ಚಿಮಣಿಯತ್ತ ಬೆರಳು ತೋರಿಸಿ ಮುಗಿಸಲಾಗದು.

ಕೇಂದ್ರ ಮಂಡಳಿ 2018ರಲ್ಲಿ ದೇಶದ 351 ನದಿ ಪಾತ್ರಗಳನ್ನು ಕಲುಷಿತವೆಂದು ಗುರುತಿಸಿದಾಗ ಕರ್ನಾಟಕದ 17 ಪಾತ್ರಗಳಲ್ಲಿ ಯಗಚಿಯೂ ಇತ್ತು. ಬಿಒಡಿ 3ರಿಂದ 6 ಮಿಲಿಗ್ರಾಂ ಇರುವ ಐದನೆಯ ಆದ್ಯತೆಯ ಗುಂಪಿನಲ್ಲಿ, ಎಂದರೆ ಪಟ್ಟಿಯ ಕೊನೆಯಲ್ಲಿ, ಅದರ ಹೆಸರಿತ್ತು. ಕೊನೆಯ ಗುಂಪಿನಲ್ಲಿರುವುದರಿಂದ ಗಾಬರಿಯಾಗಬೇಕಿಲ್ಲ ಎಂದು ಇದನ್ನು ಓದಿದವರಿದ್ದಾರೆ. ಬೆಟ್ಟದಿಂದ ಇಳಿದು ಬಂದು ಇನ್ನೂ ಹೆಚ್ಚು ದೂರ ಹರಿಯದ ಒಂದು ಚಿಕ್ಕ ನದಿ ದೇಶದ ಕಲುಷಿತ ಪಾತ್ರಗಳ ಪಟ್ಟಿಗೆ ಸೇರಿತು ಎಂಬುದೇ ಗಾಬರಿಗೆ ಸಾಕಷ್ಟು ಕಾರಣ ಎಂದು ಓದುವುದು ಹೆಚ್ಚು ಸರಿ.

ಹೊಳೆ ಸೇರುವ ಕೊಳೆಯಲ್ಲಿ ಮೊದಲನೆಯದು ಪಟ್ಟಣಗಳ ಚರಂಡಿ ನೀರು. ಇದು ವರ್ಷವಿಡೀ ಹರಿಯುತ್ತದೆ, ರೋಗಾಣುಗಳನ್ನೂ ಅಮೋನಿಯಾವನ್ನೂ ತರುತ್ತದೆ. ಎರಡನೆಯದು ಕಾಫಿ ಪಲ್ಪಿಂಗ್ ನೀರು. ಇದಕ್ಕೆ ಕಾಲ ಗೊತ್ತಿದೆ, ಡಿಸೆಂಬರಿನಿಂದ ಫೆಬ್ರುವರಿ–ಮಾರ್ಚ್‌ವರೆಗೆ. ಮೂರನೆಯದು ತೋಟಗಳ ಔಷಧಿ. ಕಾಫಿಯ ಎಲೆತುಕ್ಕು ರೋಗಕ್ಕೆ, ಮೆಣಸಿಗೆ, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಮುಖ್ಯ ವಸ್ತು ಮೈಲುತುತ್ತ. ಅದರಲ್ಲಿರುವ ತಾಮ್ರ ಮೀನಿನ ಕಿವಿರಿಗೆ ವಿಷ. ನೀರು ಗಡಸಾಗಿದ್ದಲ್ಲಿ ಕ್ಯಾಲ್ಸಿಯಂ ಅಂಶ ಈ ವಿಷದ ಬಿರುಸನ್ನು ಒಂದಿಷ್ಟು ತಗ್ಗಿಸುತ್ತದೆ, ಆದರೆ ಪಶ್ಚಿಮಘಟ್ಟದ ಹೊಳೆಗಳ ನೀರು ಮೆದು. ಬಯಲುಸೀಮೆಯ ಕೆರೆಯಲ್ಲಿ ಮೀನು ತಾಳಿಕೊಳ್ಳುವಷ್ಟು ತಾಮ್ರ ಇಲ್ಲಿ ಅದನ್ನು ಕೊಲ್ಲಬಹುದು. ನಾಲ್ಕನೆಯದು ಹಾಸನದಂಥ ನಗರಗಳ ಕೈಗಾರಿಕಾ ಪ್ರದೇಶಗಳ ತ್ಯಾಜ್ಯ. ಜವಳಿಯ ಬಣ್ಣ, ಲವಣ, ಮಾರ್ಜಕಗಳಿರುವ ಈ ನೀರು ಸರಿಯಾಗಿ ಸಂಸ್ಕರಣೆಗೊಂಡರೆ ಅಪಾಯ ಕಡಿಮೆ; ಸಂಸ್ಕರಣೆ ತಪ್ಪಿದ ದಿನ ಅದರ ಪರಿಣಾಮ ಕೆಳಗಿನ ಕೆರೆ, ಹಳ್ಳಗಳ ಮೇಲಾಗುತ್ತದೆ.

ಈ ನಾಲ್ಕರಲ್ಲಿ ಮೀನುಗಳ ದಿಢೀರ್ ಸಾವಿಗೆ ಹೆಚ್ಚು ಸಂಬಂಧವಿರುವುದು ಪಲ್ಪಿಂಗ್ ನೀರಿಗೆ.

ಒಂದು ಟ್ಯಾಂಕರ್ ನೀರಿನ ಲೆಕ್ಕ

ಹಣ್ಣಾದ ಕಾಫಿಯನ್ನು ಪಲ್ಪರಿಗೆ ಹಾಕಿದಾಗ ಕೆಂಪು ಸಿಪ್ಪೆ ಬೇರ್ಪಡುತ್ತದೆ. ಬೀಜಕ್ಕೆ ಅಂಟಿಕೊಂಡ ಲೋಳೆಯನ್ನು ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್ ಕಾಫಿ ಸಿಗುತ್ತದೆ. ತೊಳೆದ ನೀರಿನಲ್ಲಿ ಉಳಿಯುವುದು ಸಕ್ಕರೆ, ಪೆಕ್ಟಿನ್, ಟ್ಯಾನಿನ್. ಇವು ಹುಟ್ಟಿನಿಂದ ವಿಷವಲ್ಲ. ತಿನ್ನುವ ಹಣ್ಣಿನ ಅಂಶವೇ ಅದು, ಹೊಳೆಗೇನು ಕೇಡು ಎಂದು ಬೆಳೆಗಾರರು ಕೇಳುವುದುಂಟು. ಕೇಡು ಇರುವುದು ಅದರ ಪ್ರಮಾಣದಲ್ಲಿ.

ಪಲ್ಪಿಂಗ್ ನೀರಿನ ಬಿಒಡಿ ಲೀಟರಿಗೆ ಹಲವು ಸಾವಿರ ಮಿಲಿಗ್ರಾಂ ಇರುತ್ತದೆ. ಲೆಕ್ಕಕ್ಕಾಗಿ 10,000 ಎಂದು ಇಟ್ಟುಕೊಳ್ಳೋಣ. 5,000 ಲೀಟರಿನ ಒಂದು ಟ್ಯಾಂಕರ್‌ನಷ್ಟು ಈ ನೀರು ಹೊಳೆಗೆ ಸೇರಿದರೆ ಅದನ್ನು ಅರಗಿಸಲು 50 ಕಿಲೋ ಆಮ್ಲಜನಕ ಬೇಕು. ಶುದ್ಧವಾದ ಹೊಳೆಯ ನೀರು ಹಿಡಿದಿಟ್ಟುಕೊಳ್ಳುವುದು ಲೀಟರಿಗೆ ಸುಮಾರು 7ರಿಂದ 8 ಮಿಲಿಗ್ರಾಂ ಮಾತ್ರ. ಅದರಲ್ಲಿ 3 ಮಿಲಿಗ್ರಾಂ ಖರ್ಚಾದರೂ ಮೀನು ಹೇಗೋ ತಡೆದುಕೊಳ್ಳುತ್ತದೆ ಎಂದುಕೊಂಡರೆ, ಈ ಒಂದು ಟ್ಯಾಂಕರ್‌ನ ಹೊರೆ ಹೊರಲು ಒಂದೂವರೆ ಕೋಟಿ ಲೀಟರಿಗಿಂತ ಹೆಚ್ಚು ಶುದ್ಧ ನೀರು ಬೇಕಾಗುತ್ತದೆ. ಆಗಸ್ಟ್‌ನ ಹೇಮಾವತಿಗೆ ಇದು ದೊಡ್ಡ ಮಾತಲ್ಲ. ಜನವರಿಯಲ್ಲಿ ಮೊಣಕಾಲುದ್ದ ಹರಿಯುವ ಹಳ್ಳಕ್ಕೆ ಇದು ಆಗದ ಮಾತು. ಮಳೆಗಾಲ ಮುಗಿದು ಹರಿವು ಬತ್ತುವ ಕಾಲವೇ ಪಲ್ಪಿಂಗ್ ಕಾಲ ಎಂಬುದು ಈ ಸೀಮೆಯ ಹೊಳೆಗಳ ದುರದೃಷ್ಟ.

ಸಕ್ಕರೆ ಹುಳಿಯುತ್ತಿದ್ದಂತೆ ನೀರು ಆಮ್ಲೀಯವಾಗುತ್ತದೆ. ಆಮ್ಲಜನಕ ಪೂರ್ತಿ ಮುಗಿದ ಮೇಲೆ ಅದಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಕೆಲಸಕ್ಕಿಳಿದು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೊರಬರುತ್ತದೆ, ನೀರು ಕಪ್ಪಾಗುತ್ತದೆ. ಮೀನುಗಳು ಮೊದಲು ನೀರಿನ ಮೇಲ್ಪದರಕ್ಕೆ ಬಂದು ಬಾಯಿ ತೆರೆಯುತ್ತವೆ, ಆಮೇಲೆ ಮಗುಚಿಕೊಳ್ಳುತ್ತವೆ. ದೂರು ತಲುಪಿ, ಸಿಬ್ಬಂದಿ ಬಂದು, ಬಾಟಲಿಯಲ್ಲಿ ಮಾದರಿ ಹಿಡಿಯುವಷ್ಟರಲ್ಲಿ ಕೊಳೆ ಕೆಳಗೆ ಹರಿದುಹೋಗಿ ಮೇಲಿನಿಂದ ತಿಳಿನೀರು ಬಂದಿರುತ್ತದೆ. ಪರೀಕ್ಷೆಯಲ್ಲಿ ‘ಸಿ’ ದರ್ಜೆ ಬರುವುದು ಹೀಗೆ. ವರದಿ ಸುಳ್ಳಲ್ಲ, ಆದರೆ ಅದು ಹೇಳುವುದು ಘಟನೆ ಮುಗಿದ ಮೇಲಿನ ನೀರಿನ ಕಥೆ.

ಪಲ್ಪಿಂಗ್ ನೀರನ್ನು ಹೊಂಡಗಳಲ್ಲಿ ತುಂಬಿ, ಸುಣ್ಣ ಹಾಕಿ ಹುಳಿ ಇಳಿಸಿ, ತೋಟದೊಳಗೇ ನಿಭಾಯಿಸಬೇಕೆಂಬುದು ನಿಯಮ. ಹಲವು ತೋಟಗಳು ಇದನ್ನು ಶ್ರದ್ಧೆಯಿಂದ ಪಾಲಿಸುತ್ತವೆ. ಆದರೆ ಅಳತೆ ಸಾಲದ, ತಳ ಭದ್ರವಿಲ್ಲದ ಹೊಂಡಗಳು ಹೂಮಳೆಗೆ ತುಂಬಿ ಉಕ್ಕಿದರೆ ತಿಂಗಳುಗಟ್ಟಲೆ ಕೂಡಿಟ್ಟ ಕೊಳೆ ಒಂದೇ ರಾತ್ರಿಯಲ್ಲಿ ಹಳ್ಳಕ್ಕಿಳಿಯುತ್ತದೆ. ಮಾರ್ಚ್–ಏಪ್ರಿಲ್‌ನ ಮೊದಲ ಮಳೆಯ ಬೆನ್ನಲ್ಲೇ ಮೀನು ಸತ್ತರೆ ಹುಡುಕಬೇಕಾದ ಮೊದಲ ಕಾರಣ ಇದು.

ಮೀನುಗಾರರ ಮೈಗೆ ಆಗುವುದೇನು

ಈ ಸೀಮೆಯಲ್ಲಿ ಬೆಸ್ತರು, ಗಂಗಾಮತಸ್ಥರು ಮೊದಲಾದ ಸಮುದಾಯಗಳ ಕುಟುಂಬಗಳು ಜಲಾಶಯದ ಹಿನ್ನೀರಿನಲ್ಲಿ, ಕೆರೆಗಳಲ್ಲಿ, ಹೊಳೆಯ ಮಡುಗಳಲ್ಲಿ ಮೀನು ಹಿಡಿದು ಬದುಕುತ್ತವೆ. ಹರಿಗೋಲಿನಲ್ಲಿ ಹೋಗಿ ಬಲೆ ಎತ್ತುವವರ ಕೈಕಾಲು ಗಂಟೆಗಟ್ಟಲೆ ನೀರಿನಲ್ಲಿರುತ್ತದೆ. ಬಲೆಯ ಕಣ್ಣುಗಳಿಂದ ಮೀನು ಬಿಡಿಸುವಾಗ ರೆಕ್ಕೆಯ ಮುಳ್ಳು ಬೆರಳಿಗೆ ಚುಚ್ಚುತ್ತದೆ, ನೂಲು ಚರ್ಮವನ್ನು ಕೊಯ್ಯುತ್ತದೆ. ನೆನೆದು ಬಿಳಿಚಿದ ಚರ್ಮದಲ್ಲಿ ಈ ಸಣ್ಣ ಗಾಯಗಳು ಬೇಗ ಮಾಯುವುದಿಲ್ಲ.

ಹುಳಿಯಾದ, ಕೊಳೆಯುವ ನೀರು ಇಂಥ ಚರ್ಮವನ್ನು ತಾಕಿದರೆ ಮೊದಲು ಕಡಿತ ಮತ್ತು ಉರಿ. ಕೆರೆದುಕೊಂಡಾಗ ಚರ್ಮ ಒಡೆಯುತ್ತದೆ. ಒಡೆದ ಚರ್ಮದ ಮೂಲಕ ಚರಂಡಿ ನೀರಿನ ರೋಗಾಣುಗಳು ಒಳಸೇರಿ ಕೀವಾಗುತ್ತದೆ, ಬೆರಳ ಸಂದಿಯಲ್ಲಿ ಶಿಲೀಂಧ್ರದ ಸೋಂಕು ನೆಲೆಯೂರುತ್ತದೆ. ಇಲಿಜ್ವರ ಹರಡುವುದೂ ಇದೇ ದಾರಿಯಲ್ಲಿ: ಇಲಿ ಮತ್ತು ದನಗಳ ಮೂತ್ರದಿಂದ ನೀರಿಗೆ ಬಂದ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಗಾಯವಾದ ಅಥವಾ ನೆನೆದು ಮೆತ್ತಗಾದ ಚರ್ಮದಿಂದ ದೇಹ ಸೇರುತ್ತದೆ, ತಡವಾಗಿ ಗುರುತಿಸಿದರೆ ಮೂತ್ರಪಿಂಡ ಮತ್ತು ಯಕೃತ್ತಿಗೆ ಹಾನಿ ಮಾಡುತ್ತದೆ. ಕಾಫಿ ತ್ಯಾಜ್ಯ ಇಲಿಜ್ವರವನ್ನು ಹುಟ್ಟಿಸುವುದಿಲ್ಲ. ರೋಗ ನುಗ್ಗುವ ಬಾಗಿಲನ್ನು ತೆರೆದಿಡುತ್ತದೆ. ಒಂದೊಂದು ಮಾಲಿನ್ಯವನ್ನು ಬೇರೆಬೇರೆಯಾಗಿ ನೋಡಿ ‘ಇದರಿಂದ ಈ ರೋಗ ಬರುವುದಿಲ್ಲ’ ಎಂದು ಹೇಳುವ ವಾದಗಳು ತಪ್ಪಿಸಿಕೊಂಡು ಹೋಗುವುದು ಈ ಸರಪಳಿಯನ್ನು.

ಇಥಿಯೋಪಿಯಾದಲ್ಲಿ ಕಾಫಿ ಸಂಸ್ಕರಣಾ ಘಟಕವೊಂದರ ಸುತ್ತಮುತ್ತ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಳೆಯ ನೀರು ಬಳಸುವ ಜನ ಚರ್ಮದ ಉರಿ, ಕಣ್ಣುರಿ, ತಲೆಸುತ್ತು, ಹೊಟ್ಟೆನೋವು, ಉಸಿರಾಟದ ತೊಂದರೆಗಳನ್ನು ಹೇಳಿಕೊಂಡಿದ್ದು ದಾಖಲಾಗಿದೆ. ಜಗತ್ತಿನ ಇನ್ನೊಂದು ಕಾಫಿ ಸೀಮೆಯ ಈ ಪಟ್ಟಿ ನಮ್ಮ ಹೊಳೆದಂಡೆಯ ಊರುಗಳ ದೂರುಗಳಿಗೆ ಎಷ್ಟು ಹತ್ತಿರವಿದೆ ಎಂಬುದನ್ನು ಇಲ್ಲಿನ ಆರೋಗ್ಯ ಇಲಾಖೆ ಗಮನಿಸಬೇಕು.

ಮೀನಿನ ಮೂಲಕ ಬರುವ ಅಪಾಯ ಬೇರೆಯೇ ಬಗೆಯದು. ಉಸಿರುಕಟ್ಟಿ ಸತ್ತ ಮೀನು ತಾನಾಗಿ ವಿಷವಲ್ಲ, ಆದರೆ ಬಹುಬೇಗ ಕೆಡುತ್ತದೆ. ಕೀಟನಾಶಕದಿಂದ ಸತ್ತ ಮೀನನ್ನು ತಿಂದರೆ ಆಗುವ ಅನಾಹುತ ದೊಡ್ಡದು. ದಡದಲ್ಲಿ ನಿಂತು ನೋಡಿದರೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ತೇಲಿಬಂದ ಮೀನನ್ನು ಆಯ್ದು ತಿನ್ನುವುದು, ಮಾರುವುದು ಎರಡೂ ಸಲ್ಲದು. ಭಾರಲೋಹಗಳು ಮತ್ತು ಬೇಗ ಕರಗದ ಕೀಟನಾಶಕಗಳು ಇನ್ನೂ ನಿಧಾನವಾಗಿ ಕೆಲಸ ಮಾಡುತ್ತವೆ. ಅವು ತಳದ ಹೂಳಿನಲ್ಲಿ ಕೂತು, ಹೂಳು ಕೆದಕಿ ತಿನ್ನುವ ಮೀನುಗಳ ಮೈಯಲ್ಲಿ ಶೇಖರವಾಗುತ್ತವೆ. ಮೇಲಿನ ನೀರನ್ನು ಬಾಟಲಿಯಲ್ಲಿ ಹಿಡಿದು ಪರೀಕ್ಷಿಸಿದರೆ ಅವು ಸಿಗದೇ ಹೋಗಬಹುದು. ಹುಡುಕಬೇಕಾದದ್ದು ಹೂಳಿನಲ್ಲಿ ಮತ್ತು ಮೀನಿನ ಮಾಂಸದಲ್ಲಿ. ವಾರಕ್ಕೊಮ್ಮೆ ಮೀನು ಕೊಳ್ಳುವವರಿಗಿಂತ ದಿನವೂ ಮೀನು ಉಣ್ಣುವ ಮನೆಗಳಲ್ಲಿ, ಅಲ್ಲಿಯೂ ಗರ್ಭಿಣಿಯರು ಮತ್ತು ಮಕ್ಕಳಲ್ಲಿ ಇದರ ಹೊರೆ ಹೆಚ್ಚು.

ಮಾರುಕಟ್ಟೆಯಲ್ಲಿ ಮೀನಿಗೇನೂ ಬರವಿಲ್ಲವಲ್ಲ ಎಂಬ ಮಾತು ಅಧಿಕಾರಿಗಳ ಬಾಯಲ್ಲೂ ಬರುತ್ತದೆ. ಆದರೆ ಯಾವ ಮೀನು ಎಂದು ಕೇಳಬೇಕು. ತಿಳಿನೀರನ್ನೂ ಹೇರಳ ಆಮ್ಲಜನಕವನ್ನೂ ಬಯಸುವ ಮಹಶೀರ್ ಜಾತಿಯ ದೊಡ್ಡ ಮೀನುಗಳು ಹಿಂದೆ ಸರಿದಲ್ಲಿ, ಕೊಳಕು ನೀರಿಗೂ ಒಗ್ಗುವ ತಿಲಾಪಿಯಾ, ಗಾಳಿಯನ್ನೇ ನುಂಗಿ ಉಸಿರಾಡಬಲ್ಲ ಆಫ್ರಿಕನ್ ಕ್ಯಾಟ್‌ಫಿಶ್ ತುಂಬಿಕೊಳ್ಳುತ್ತವೆ. ತೂಕದ ಲೆಕ್ಕದಲ್ಲಿ ನಷ್ಟ ಕಾಣುವುದಿಲ್ಲ. ಬೆಲೆಯ ಲೆಕ್ಕದಲ್ಲಿ ಮೀನುಗಾರನಿಗೆ ನಷ್ಟ, ಹೊಳೆಯ ಲೆಕ್ಕದಲ್ಲಿ ಅದು ರೋಗಲಕ್ಷಣ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಣಿ ಮತ್ಸ್ಯಧಾಮದ ಮೀನುಗಳನ್ನು ಭಕ್ತರು ದೇವರೆಂದು ಕಾಪಾಡಿಕೊಂಡು ಬಂದಿದ್ದಾರೆ. ಆ ಭಕ್ತಿ ಮೇಲಿನಿಂದ ಹರಿದುಬರುವ ಕೊಳೆಯನ್ನು ತಡೆಯಲಾರದು.

ಆಸ್ಪತ್ರೆಯ ಪುಸ್ತಕಕ್ಕೆ ಸೇರದ ಕಾಯಿಲೆ

ಇಷ್ಟೆಲ್ಲ ಇದ್ದರೆ ಅಂಕಿಅಂಶ ಎಲ್ಲಿ ಎಂಬುದು ನ್ಯಾಯವಾದ ಪ್ರಶ್ನೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೈ ತುರಿಕೆ ಎಂದು ಬಂದವನಿಗೆ ಮುಲಾಮು ಕೊಟ್ಟು ಕಳಿಸುತ್ತಾರೆ. ಅವನು ಯಾವ ಕಸುಬಿನವನು, ಯಾವ ನೀರಿನಲ್ಲಿ ಕೆಲಸ ಮಾಡುತ್ತಾನೆ ಎಂಬುದನ್ನು ಬರೆದುಕೊಳ್ಳುವ ರೂಢಿಯಿಲ್ಲ. ಸಾಂಕ್ರಾಮಿಕ ರೋಗಗಳ ಕಣ್ಗಾವಲು ವ್ಯವಸ್ಥೆ ವಾಂತಿಭೇದಿ, ಟೈಫಾಯ್ಡ್, ಇಲಿಜ್ವರಗಳನ್ನು ಎಣಿಸುತ್ತದೆ, ಚರ್ಮದ ಉರಿತವನ್ನು ಎಣಿಸುವುದಿಲ್ಲ. ಬಹಳಷ್ಟು ಮಂದಿ ಆಸ್ಪತ್ರೆಯವರೆಗೆ ಹೋಗುವುದೂ ಇಲ್ಲ. ಕೊಬ್ಬರಿ ಎಣ್ಣೆ ಸವರಿಕೊಂಡು ಮರುದಿನ ಬಲೆಗೆ ಇಳಿಯುತ್ತಾರೆ. ದಾಖಲೆ ಇಲ್ಲದ್ದರಿಂದ ಸಮಸ್ಯೆ ಇಲ್ಲವೆನ್ನುತ್ತಾರೆ, ಸಮಸ್ಯೆ ಇಲ್ಲವೆಂದ ಮೇಲೆ ದಾಖಲಿಸುವ ಏರ್ಪಾಡೂ ಆಗುವುದಿಲ್ಲ.

ಜಪಾನಿನ ಮಿನಮಾಟದಲ್ಲಿ ನಡೆದದ್ದು ಇದೇ ವಿಳಂಬದ ಅತಿ ಕ್ರೂರ ರೂಪ. ಅಲ್ಲಿನ ರಾಸಾಯನಿಕ ಕಾರ್ಖಾನೆ ಕೊಲ್ಲಿಗೆ ಬಿಟ್ಟ ಪಾದರಸ ಮೀನಿನ ಮೂಲಕ ಮನುಷ್ಯರ ನರಮಂಡಲವನ್ನು ಹೊಕ್ಕಿತು. ಮೊದಲು ಕಾಯಿಲೆ ಬಿದ್ದವರು ಮೀನುಗಾರ ಕುಟುಂಬಗಳವರು. ರೋಗ ಅಧಿಕೃತವಾಗಿ ಪತ್ತೆಯಾದದ್ದು 1956ರಲ್ಲಿ, ಕಾರ್ಖಾನೆಯ ತ್ಯಾಜ್ಯವೇ ಕಾರಣವೆಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ನಡುವಿನ 12 ವರ್ಷ ತ್ಯಾಜ್ಯ ಹರಿಯುತ್ತಲೇ ಇತ್ತು. ಹೇಮಾವತಿಯಲ್ಲಿ ಮಿನಮಾಟ ನಡೆಯುತ್ತಿದೆ ಎಂದು ಹೇಳುವುದು ಬೇಜವಾಬ್ದಾರಿಯ ಮಾತಾದೀತು. ಇಲ್ಲಿನ ಹೊರೆ ಮುಖ್ಯವಾಗಿ ಕೊಳೆಯುವ ವಸ್ತು, ಚರಂಡಿ ಮತ್ತು ತೋಟದ ಔಷಧಿಗಳದು. ಆದರೆ ಮೀನುಗಾರರ ಮೈಮೇಲೆ ಮೊದಲು ಕಾಣಿಸಿದ್ದನ್ನು ದಾಖಲಿಸದಿದ್ದರೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದು ಅಲ್ಲಿಂದ ಕಲಿಯಬೇಕಾದ ವಿಷಯ. ಅಷ್ಟು ದೂರ ಹೋಗಬೇಕೆಂದೂ ಇಲ್ಲ. ನಮ್ಮ ಭದ್ರೆ ಸೇರಿಕೊಳ್ಳುವ ತುಂಗಭದ್ರೆಯಲ್ಲಿ, ಹರಿಹರದ ಬಳಿ, ಕಾರ್ಖಾನೆ ತ್ಯಾಜ್ಯದ ವಿರುದ್ಧ 1980ರ ದಶಕದಲ್ಲಿ ಎದ್ದ ಹೋರಾಟದ ಹಿಂದೆಯೂ ಮೀನುಗಳ ಸಾವಿತ್ತು. 2024ರ ಮೇ ತಿಂಗಳಲ್ಲಿ ಕೇರಳದ ಪೆರಿಯಾರ್ ನದಿಯಲ್ಲಿ ಭಾರಿ ಪ್ರಮಾಣದಲ್ಲಿ ಮೀನು ಸತ್ತಾಗ ಪಂಜರದಲ್ಲಿ ಮೀನು ಸಾಕಿದ್ದವರ ಬಂಡವಾಳವೆಲ್ಲ ಒಂದೇ ಸಲಕ್ಕೆ ಹೋಯಿತು.

ಯಾರ ವಾದ ಏನು

ಬೆಳೆಗಾರರ ವಾದದಲ್ಲಿ ತಿರುಳಿದೆ. ಸಣ್ಣ ಹಿಡುವಳಿದಾರರಲ್ಲಿ ಹೆಚ್ಚಿನವರು ಹಣ್ಣನ್ನು ಕಣದಲ್ಲೇ ಒಣಗಿಸಿ ಚೆರಿ ಮಾಡುತ್ತಾರೆ, ಅವರಿಂದ ಹೊಳೆಗೆ ಪಲ್ಪಿಂಗ್ ನೀರು ಹೋಗುವುದಿಲ್ಲ. ಕೊಯ್ಲಿನ ಕಾಲದಲ್ಲಿ ಅಕಾಲಿಕ ಮಳೆ ಹೆಚ್ಚಿ, ಒಣಗಿಸುವುದು ಕಷ್ಟವಾಗಿ, ಜೊತೆಗೆ ಪಾರ್ಚ್‌ಮೆಂಟಿಗೆ ಬೆಲೆಯೂ ಹೆಚ್ಚು ಸಿಗುವುದರಿಂದ ಪಲ್ಪಿಂಗ್‌ನತ್ತ ವಾಲುವ ಒತ್ತಡವಿದೆ. ವರ್ಷವಿಡೀ ಹರಿಯುವ ಪಟ್ಟಣದ ಚರಂಡಿಯನ್ನು ಬಿಟ್ಟು ಮೂರು ತಿಂಗಳ ತೋಟದ ನೀರನ್ನೇ ಏಕೆ ಹಿಡಿಯುತ್ತೀರಿ ಎಂಬ ಅವರ ಪ್ರಶ್ನೆಗೆ ನಗರಾಡಳಿತಗಳ ಬಳಿ ಉತ್ತರವಿಲ್ಲ. ಆದರೆ ಚರಂಡಿ ಇದೆ ಎಂಬುದು ಹೊಂಡ ಕಟ್ಟದಿರಲು ಸಮರ್ಥನೆಯಾಗುವುದಿಲ್ಲ. ಕಡಿಮೆ ನೀರು ಬಳಸುವ ಪಲ್ಪರ್‌ಗಳು ಇವೆ, ತೊಳೆದ ನೀರನ್ನು ಮರುಬಳಸುವ ವಿಧಾನವಿದೆ, ಬಾಳೆಹೊನ್ನೂರಿನ ಬಳಿಯೇ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಿದೆ. ಕಾಫಿ ಬೆಲೆ ದಾಖಲೆ ಮಟ್ಟಕ್ಕೇರಿದ 2024–25ರಂಥ ವರ್ಷಗಳಲ್ಲೂ ದೊಡ್ಡ ತೋಟಗಳು ಹಣವಿಲ್ಲವೆಂದರೆ ನಂಬುವುದು ಕಷ್ಟ.

ಮಾಲಿನ್ಯ ನಿಯಂತ್ರಣ ಮಂಡಳಿ ಸಿಬ್ಬಂದಿಯ ಕೊರತೆಯನ್ನು ಮುಂದಿಡುತ್ತದೆ. ಗುಡ್ಡಗಾಡಿನ ನೂರಾರು ಹಳ್ಳಗಳನ್ನು ಇರುಳಿನಲ್ಲಿ ಕಾಯುವುದು ಕೆಲವೇ ಅಧಿಕಾರಿಗಳಿಂದ ಆಗುವ ಕೆಲಸವಲ್ಲ ಎಂಬುದು ನಿಜ. ಮೀನುಗಾರಿಕೆ ಇಲಾಖೆ ಪರವಾನಗಿ ಕೊಡುತ್ತದೆ, ಮೀನುಮರಿ ಬಿಡುತ್ತದೆ; ನೀರು ಕೆಟ್ಟರೆ ಅದು ತನ್ನ ವ್ಯಾಪ್ತಿಯಲ್ಲ ಎನ್ನುತ್ತದೆ. ಆರೋಗ್ಯ ಇಲಾಖೆಗೆ ಮೀನುಗಾರರು ಪ್ರತ್ಯೇಕ ಗುಂಪಾಗಿ ಕಾಣುವುದೇ ಇಲ್ಲ. ಮೂರು ಇಲಾಖೆಗಳ ಮೂರು ಕಡತಗಳನ್ನು ಒಟ್ಟಿಗೆ ಇಟ್ಟು ನೋಡುವ ಕೆಲಸ ಯಾರಿಗೂ ವಹಿಸಿಲ್ಲ.

ಉದ್ಯಮ ಮತ್ತು ನದಿಯ ನಡುವೆ ಆಯ್ಕೆ ಮಾಡಿದ ಅನುಭವ ಚಿಕ್ಕಮಗಳೂರು ಜಿಲ್ಲೆಗಿದೆ. ಭದ್ರೆಯ ಮೇಲ್ಕಣಿವೆಯ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯಿಂದ ಹೊಳೆಗೆ ಹೂಳು ಇಳಿಯುತ್ತಿದೆಯೆಂಬ ಆಕ್ಷೇಪ ಸುಪ್ರೀಂ ಕೋರ್ಟ್ ತಲುಪಿ, 2002ರ ಆದೇಶದಂತೆ 2005ರ ಅಂತ್ಯಕ್ಕೆ ಗಣಿ ನಿಂತಿತು. ಕಾಫಿಯ ವಿಷಯದಲ್ಲಿ ಅಂಥ ಮುಚ್ಚುವ ಪ್ರಶ್ನೆಯೇ ಬರುವುದಿಲ್ಲ. ತ್ಯಾಜ್ಯವನ್ನು ತೋಟದೊಳಗೇ ನಿಭಾಯಿಸುವ ವಿಧಾನ ಗೊತ್ತಿರುವ ಉದ್ಯಮ ಇದು.

ಕಾನೂನಿನ ಕೈ ಎಲ್ಲಿಯವರೆಗೆ

ಹೊಳೆಗೆ ಮಲಿನ ವಸ್ತು ಬಿಡುವುದನ್ನು 1974ರ ಜಲ ಕಾಯ್ದೆಯ 24ನೇ ಕಲಂ ನಿಷೇಧಿಸುತ್ತದೆ. ಘಟಕವನ್ನು ಮುಚ್ಚಿಸುವ, ವಿದ್ಯುತ್ ಮತ್ತು ನೀರಿನ ಸಂಪರ್ಕ ಕಡಿತಗೊಳಿಸುವ ಅಧಿಕಾರ 33ಎ ಕಲಂನಲ್ಲಿ ಮಂಡಳಿಗಿದೆ. ಸಂಸತ್ತು 2024ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ತಂದು ಹಲವು ಅಪರಾಧಗಳಿಗೆ ಜೈಲುಶಿಕ್ಷೆಯ ಬದಲು 10,000 ರೂಪಾಯಿಯಿಂದ 15 ಲಕ್ಷದವರೆಗೆ ದಂಡ ವಿಧಿಸುವ ವ್ಯವಸ್ಥೆ ಮಾಡಿತು. ಮೊದಲಿಗೆ ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯವಾದ ಇದು ಉಳಿದ ರಾಜ್ಯಗಳಿಗೆ ಅನ್ವಯವಾಗಬೇಕಾದರೆ ಅಲ್ಲಿನ ಶಾಸನಸಭೆ ನಿರ್ಣಯ ಕೈಗೊಳ್ಳಬೇಕು. ದಂಡವಾದರೆ ಬೇಗ ವಸೂಲಾಗುತ್ತದೆ, ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಎಳೆದಾಡುವುದು ತಪ್ಪುತ್ತದೆ ಎಂಬುದು ಇದರ ಪರವಾದ ಮಾತು. ಹೊಂಡ ಕಟ್ಟುವ ವೆಚ್ಚಕ್ಕಿಂತ ದಂಡ ಅಗ್ಗವಾದರೆ ದಂಡವೇ ಒಂದು ಬಗೆಯ ಪರವಾನಗಿ ಆಗಿಬಿಡುತ್ತದೆ ಎಂಬುದು ವಿರೋಧಿಗಳ ಭಯ. ಆ ಭಯಕ್ಕೆ ಆಧಾರವಿದೆ.

ದಂಡದ ಹಣ ಮೀನುಗಾರನ ಕೈ ಸೇರುವುದಿಲ್ಲ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ವಿಮೆ ಅಪಘಾತದಲ್ಲಿ ಸತ್ತರೆ ಅಥವಾ ಪೂರ್ಣ ಅಂಗವಿಕಲತೆ ಉಂಟಾದರೆ 5 ಲಕ್ಷ ರೂಪಾಯಿ ಕೊಡುತ್ತದೆ. ಮಲಿನ ನೀರಿನಿಂದ ಬಂದ ಕಾಯಿಲೆ ಅಪಘಾತವೆನಿಸಿಕೊಳ್ಳುವುದಿಲ್ಲ. ಉಳಿಯುವ ಮುಖ್ಯ ದಾರಿ 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ. ಅದರ 15ನೇ ಕಲಂ ಮಾಲಿನ್ಯದ ಸಂತ್ರಸ್ತರಿಗೆ ಪರಿಹಾರ ಕೇಳುವ ಹಕ್ಕು ಕೊಡುತ್ತದೆ, ಅರ್ಜಿಗೆ ಐದು ವರ್ಷಗಳ ಕಾಲಾವಕಾಶವಿದೆ. ಮಾಲಿನ್ಯ ಮಾಡಿದವನೇ ಅದರ ವೆಚ್ಚ ಭರಿಸಬೇಕೆಂಬ ತತ್ತ್ವವನ್ನು ತಮಿಳುನಾಡಿನ ಚರ್ಮ ಹದಮಾಡುವ ಘಟಕಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಎತ್ತಿಹಿಡಿದಿದೆ. ಆದರೆ ಅರ್ಜಿಯ ಜೊತೆ ಇಡಲು ಪುರಾವೆ ಬೇಕು. ತಿಂಗಳಿಗೊಮ್ಮೆ ಹಗಲಲ್ಲಿ ಹಿಡಿದ ‘ಸಿ’ ದರ್ಜೆಯ ವರದಿ ಆಗ ಮೀನುಗಾರನ ವಿರುದ್ಧವೇ ಸಾಕ್ಷಿ ಹೇಳುತ್ತದೆ.

ಮುಂದೆ ಆಗಬಹುದಾದದ್ದು

ಈಗಿರುವಂತೆಯೇ ನಡೆದರೆ ಮೊದಲು ಬದಲಾಗುವುದು ಕಸುಬು. ಪ್ರತಿ ಕೊಯ್ಲಿನ ಕಾಲದಲ್ಲಿ ಕೆಲವು ವಾರ ಬಲೆ ಬರಿದಾದರೆ, ಕೈ ಕೆಟ್ಟು ಕೆಲಸ ತಪ್ಪಿದರೆ, ಯುವಕರು ಕೂಲಿಗೆ ಹೋಗುತ್ತಾರೆ. ಅದೇ ತೋಟಗಳಿಗೆ ಹೋಗುವವರೂ ಇರುತ್ತಾರೆ. ಹೊಳೆಯ ಸ್ಥಿತಿಯನ್ನು ದಿನವೂ ಗಮನಿಸುವ ಕಣ್ಣುಗಳು ದಡದಿಂದ ಹೊರಟುಹೋದ ಮೇಲೆ ದೂರು ಕೊಡುವವರೂ ಕಡಿಮೆಯಾಗುತ್ತಾರೆ. ಸುದ್ದಿ ಕಡಿಮೆಯಾದದ್ದನ್ನು ಹೊಳೆ ಸುಧಾರಿಸಿದ ಲಕ್ಷಣವೆಂದು ತಪ್ಪಾಗಿ ಓದುವ ಅಪಾಯವೂ ಇದೆ. ಗೊರೂರಿನ ನೀರು ಕುಡಿಯುವ ಹಾಸನ, ಯಗಚಿಯ ನೀರು ಕುಡಿಯುವ ಬೇಲೂರು, ಚಿಕ್ಕಮಗಳೂರುಗಳ ಶುದ್ಧೀಕರಣ ಘಟಕಗಳ ಮೇಲೆ ಹೊರೆ ಏರುತ್ತ ಹೋಗುತ್ತದೆ.

ಬದಲಾವಣೆಗೆ ಬೇಕಾದ ಕ್ರಮಗಳು ದುಬಾರಿಯಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಪಲ್ಪಿಂಗ್ ನಡೆಯುವ ಕಣಿವೆಗಳ ಹಳ್ಳಗಳಲ್ಲಿ ಬೆಳಗಿನ ಜಾವದ ಆಮ್ಲಜನಕವನ್ನು ಅಳೆಯಬೇಕು. ಕೈಯಲ್ಲಿ ಹಿಡಿಯುವ ಮೀಟರಿನಿಂದ ಇದು ನಿಮಿಷಗಳ ಕೆಲಸ, ಮೀನುಗಾರರ ಸಹಕಾರ ಸಂಘಗಳಿಗೆ ತರಬೇತಿ ಕೊಟ್ಟು ವಹಿಸಬಹುದು. ವರ್ಷಕ್ಕೊಮ್ಮೆಯಾದರೂ ಗೊರೂರು ಹಿನ್ನೀರಿನ ಹೂಳು ಮತ್ತು ಮೀನಿನ ಮಾಂಸವನ್ನು ತಾಮ್ರ ಮೊದಲಾದ ಲೋಹಗಳಿಗಾಗಿ, ಕೀಟನಾಶಕಗಳಿಗಾಗಿ ಪರೀಕ್ಷಿಸಿ ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಹೊಳೆದಂಡೆಯ ಆರೋಗ್ಯ ಕೇಂದ್ರಗಳ ಹೊರರೋಗಿ ಪುಸ್ತಕಕ್ಕೆ ‘ಕಸುಬು’ ಎಂಬ ಒಂದು ಕಲಂ ಸೇರಿದರೆ ಎರಡು ಮೂರು ಕೊಯ್ಲಿನ ಕಾಲಗಳಲ್ಲಿ ಚಿತ್ರ ಸ್ಪಷ್ಟವಾಗತೊಡಗುತ್ತದೆ. ಸಣ್ಣ ಬೆಳೆಗಾರರು ಒಟ್ಟಾಗಿ ಬಳಸುವ ಪಲ್ಪಿಂಗ್ ಕೇಂದ್ರ ಮತ್ತು ಹೊಂಡಗಳಿಗೆ ಸಹಾಯಧನ ಸಿಕ್ಕರೆ ಪ್ರತಿ ತೋಟದ ಬೆನ್ನು ಹತ್ತುವ ಕೆಲಸ ಮಂಡಳಿಗೆ ತಪ್ಪುತ್ತದೆ.

ಮೀನುಗಾರ ಕುಟುಂಬಗಳು ಇದನ್ನೆಲ್ಲ ಕಾಯುತ್ತ ಕೂರಬೇಕಿಲ್ಲ. ನೀರು ಕೆಟ್ಟ ದಿನಾಂಕ, ಸಮಯ ಮತ್ತು ಜಾಗ ಕಾಣುವಂತೆ ಮೊಬೈಲಿನಲ್ಲಿ ಚಿತ್ರ ತೆಗೆಯುವುದು, ದೂರನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯುವುದು, ಆರೋಗ್ಯ ಕೇಂದ್ರದ ಚೀಟಿಯಲ್ಲಿ ‘ಹೊಳೆಯ ನೀರಿನ ಸಂಪರ್ಕ’ ಎಂದು ವೈದ್ಯರಿಂದ ಬರೆಸಿಕೊಳ್ಳುವುದು, ಆ ದಿನ ಸಿಕ್ಕ ಮೀನಿನ ಲೆಕ್ಕವನ್ನು ಸಂಘದ ಪುಸ್ತಕದಲ್ಲಿ ನಮೂದಿಸುವುದು – ಐದು ವರ್ಷದೊಳಗೆ ನ್ಯಾಯಮಂಡಳಿಯ ಮುಂದೆ ನಿಲ್ಲಬಲ್ಲ ಪುರಾವೆ ಇವುಗಳಿಂದ ಕೂಡಿಬರುತ್ತದೆ. ಮುಂದಿನ ಪಲ್ಪಿಂಗ್ ಕಾಲಕ್ಕೆ ಮುನ್ನ ಜಿಲ್ಲಾಡಳಿತವು ಮಾಲಿನ್ಯ ನಿಯಂತ್ರಣ ಮಂಡಳಿ, ಕಾಫಿ ಬೆಳೆಗಾರರು, ನಗರಾಡಳಿತ, ಮೀನುಗಾರಿಕೆ ಮತ್ತು ಆರೋಗ್ಯ ಇಲಾಖೆಗಳನ್ನು ಸಭೆಗೆ ಕರೆಯುವುದಾದರೆ, ಆ ಮೇಜಿನ ಸುತ್ತ ಮೀನುಗಾರರ ಸಂಘಕ್ಕೂ ಒಂದು ಕುರ್ಚಿ ಹಾಕಬೇಕು. ಬೆಳಗಿನ ಜಾವದ ಅಳತೆ ಯಾವ ಯಾವ ಹಳ್ಳದಲ್ಲಿ ನಡೆಯಬೇಕೆಂದು ಗುರುತು ಮಾಡಿ ಹೇಳಬಲ್ಲವರು ಅವರೇ.